ರೋಗದ ಹೆಸರನ್ನು ಕೊನೆಗೆ ಹೇಳಿ

ಏನು ತೊಂದರೆ ಎಂದು ಕೇಳಿದರೆ "ಡಾಕ್ಟರೇ, ನನಗೆ ಮಿದುಳಿನಲ್ಲಿ ಗಡ್ಡೆ ಇದೆ" ಎಂಬ ಉತ್ತರ ಬರುವುದು ಈಗ ಅಪರೂಪವಲ್ಲ. ಯಾರು ಹೇಳಿದರು ಎಂದರೆ ಮೊಬೈಲ್ ಮುಂದೆ ಬರುತ್ತದೆ. ನೋವು ಯಾವಾಗ ಶುರುವಾಯಿತು, ತಲೆಯ ಯಾವ ಭಾಗದಲ್ಲಿ, ನಿದ್ರೆಯಿಂದ ಎಬ್ಬಿಸುತ್ತದೆಯೇ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ರಾತ್ರಿಯೆಲ್ಲ ಗಡ್ಡೆಯ ಬಗ್ಗೆ ಓದಿದವರಿಗೆ ತಮ್ಮ ತಲೆನೋವನ್ನೇ ಗಮನಿಸಲು ಪುರುಸೊತ್ತಾಗಿರುವುದಿಲ್ಲ.

ಓದಬೇಡಿ ಎನ್ನುವವನು ನಾನಲ್ಲ. ಕಾಯಿಲೆ ಯಾವುದೆಂದು ತಿಳಿದ ಮೇಲೆ ಅದರ ಬಗ್ಗೆ ಓದಿಕೊಂಡು ಬರುವ ರೋಗಿಗಳೆಂದರೆ ನನಗೆ ಇಷ್ಟ. ಸಕ್ಕರೆ ಕಾಯಿಲೆಯ ಕೆಲವರಂತೂ ನನ್ನನ್ನೇ ಪರೀಕ್ಷೆಗೆ ಕೂರಿಸುತ್ತಾರೆ. ನನ್ನ ತಕರಾರಿರುವುದು ಓದುವ ದಿಕ್ಕಿನ ಬಗ್ಗೆ.

ಮಿದುಳಿನ ಗಡ್ಡೆ ಇರುವವರಲ್ಲಿ ಅನೇಕರಿಗೆ ತಲೆನೋವು ಇರುತ್ತದೆ. ಇದು ನಿಜ, ಬರೆದವರು ಬರೆದಿರುವುದೂ ಇಷ್ಟೇ. ಓದುವವರು ಅದನ್ನು ತಿರುಗಿಸಿ, ತಲೆನೋವು ಇರುವವರಲ್ಲಿ ಅನೇಕರಿಗೆ ಗಡ್ಡೆ ಇರುತ್ತದೆ ಎಂದುಕೊಳ್ಳುತ್ತಾರೆ. ಕಾಗೆಗಳೆಲ್ಲ ಕಪ್ಪು ಎಂದ ಮಾತ್ರಕ್ಕೆ ಕಪ್ಪಗಿರುವುದೆಲ್ಲ ಕಾಗೆಯೇ? ಒಪ್ಪದವರಿಗಾಗಿ ಲೆಕ್ಕವನ್ನೂ ಹಾಕುತ್ತೇನೆ. ಒಂದು ಲಕ್ಷ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಸುಮಾರು 50,000 ಜನರಿಗೆ ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬರುತ್ತದೆ. ಅದೇ ಒಂದು ಲಕ್ಷದಲ್ಲಿ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಆ ವರ್ಷ ಹೊಸದಾಗಿ ಪತ್ತೆಯಾಗುವುದು ಹತ್ತರ ಆಸುಪಾಸಿನ ಮಂದಿಯಲ್ಲಿ, ಅನೇಕ ಕಡೆ ಅದಕ್ಕೂ ಕಡಿಮೆ. ಆ ಹತ್ತೂ ಮಂದಿಗೆ ತಲೆನೋವಿತ್ತು ಎಂದೇ ಇಟ್ಟುಕೊಳ್ಳಿ. ಉಳಿದ 49,990 ಜನರ ನೋವಿಗೆ ಕಾರಣ ಬೇರೆ. ಇಷ್ಟು ಹೇಳಿದ ಮೇಲೂ "ಆದರೆ ಆ ಹತ್ತರಲ್ಲಿ ನಾನಿದ್ದರೆ?" ಎನ್ನುತ್ತಾರೆ. ಅದನ್ನು ತಿಳಿಯುವುದಕ್ಕೇ ನೋವಿನ ಸ್ವಭಾವವನ್ನು ಕೇಳುವುದು, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವುದು, ಬೇಕೆನಿಸಿದರೆ ಸ್ಕ್ಯಾನ್ ಮಾಡಿಸುವುದು.

ಮೈಕ್ರೋಸಾಫ್ಟ್‌ನ ಸಂಶೋಧಕರಾದ ರಯೆನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ 2008ರಲ್ಲಿ ಇದನ್ನೇ ಗಮನಿಸಿದ್ದರು. ತಲೆನೋವು ಎಂದು ಹುಡುಕಿದರೆ, ಕೆಫೀನ್ ಬಿಟ್ಟಾಗ ಬರುವ ಸಾಮಾನ್ಯ ತಲೆನೋವಿನಷ್ಟೇ ಧಾರಾಳವಾಗಿ ಮಿದುಳಿನ ಗಡ್ಡೆಯೂ ಪುಟಗಳಲ್ಲಿ ಎದುರಾಗುತ್ತಿತ್ತು. ಹುಡುಕುವ ಯಂತ್ರಗಳು ಅಲ್ಲಿಂದ ಇಲ್ಲಿಗೆ ಸುಧಾರಿಸಿರಬಹುದು. ಆದರೆ ಹೆದರಿದವರ ಕಣ್ಣು ಹತ್ತು ಸಾಲುಗಳ ಪಟ್ಟಿಯಲ್ಲಿ ಅತ್ಯಂತ ಕೆಟ್ಟ ಸಾಲನ್ನೇ ಆರಿಸಿಕೊಳ್ಳುತ್ತದೆ.

ಒಬ್ಬ ತರುಣ ಕುತ್ತಿಗೆಯ ಸಣ್ಣ ಗಂಟನ್ನು ಕ್ಯಾನ್ಸರ್ ಎಂದುಕೊಂಡು ಬಂದಿದ್ದ. ನೆಗಡಿಯಾದಾಗ ಊದಿಕೊಂಡ ದುಗ್ಧಗ್ರಂಥಿ ಅದು, ತಾನಾಗಿ ಇಳಿಯಬೇಕಾದದ್ದು. ಇವನು ಬೆಳೆದಿದೆಯೇ ಎಂದು ನೋಡಲು ದಿನವಿಡೀ ಅದನ್ನು ಒತ್ತುತ್ತಿದ್ದ. ಒತ್ತಿದಷ್ಟೂ ಅದು ನೋಯುತ್ತಿತ್ತು, ನೋಯುವುದೇ ಅವನಿಗೆ ಸಾಕ್ಷಿಯಾಗಿತ್ತು. ಕೈ ತೆಗೆಯಪ್ಪ ಎಂದು ಗದರಿಸಿ ಕಳುಹಿಸಿದೆ. ಮತ್ತೆ ಬಂದಾಗ ಗಂಟು ಕರಗಿತ್ತು. ಅಷ್ಟರಲ್ಲಿ ತೊಡೆಯ ಸಂದಿಯಲ್ಲಿ ಇನ್ನೊಂದನ್ನು ಹುಡುಕಿಕೊಂಡಿದ್ದ. ಅಲ್ಲಿ ಆರೋಗ್ಯವಂತರಿಗೂ ಸಣ್ಣ ಗ್ರಂಥಿಗಳು ಬೆರಳಿಗೆ ಸಿಗುತ್ತವೆ. (ಹಾಗೆಂದು ಎಲ್ಲ ಗಂಟುಗಳನ್ನೂ ಕಡೆಗಣಿಸಬೇಡಿ. ಗಟ್ಟಿಯಾಗಿರುವುದು, ಬೆಳೆಯುತ್ತಿರುವುದು, ಕೆಲವು ವಾರವಾದರೂ ಇಳಿಯದಿರುವುದು, ಜೊತೆಗೆ ಜ್ವರವೋ ತೂಕ ಇಳಿಯುವುದೋ ಇದ್ದರೆ ತೋರಿಸಲೇಬೇಕು.)

ಹೆದರಿ ಬರುವವರ ಮೇಲೆ ನನಗೆ ಕೋಪವಿಲ್ಲ, ಅವರು ಬರುತ್ತಾರಲ್ಲ. ಸಿಟ್ಟು ಬರುವುದು ಸಮಾಧಾನಕ್ಕಾಗಿ ಓದುವವರ ಮೇಲೆ. ಎದೆ ಹಿಂಡುತ್ತಿದೆ, ಮೈ ಬೆವರುತ್ತಿದೆ. ಆದರೂ "ಎದೆಯುರಿ, ಆಮ್ಲ ಹೆಚ್ಚಾಗಿದೆ" ಎಂಬ ಪುಟ ಸಿಗುವವರೆಗೂ ಹುಡುಕಿ, ಸಿಕ್ಕ ಮೇಲೆ ಮಲಗುತ್ತಾರೆ. ಹೃದಯಾಘಾತವೂ ಎದೆಯುರಿಯ ವೇಷದಲ್ಲಿ ಬರುತ್ತದೆ. ಇಸಿಜಿ, ರಕ್ತ ಪರೀಕ್ಷೆ ಇಲ್ಲದೆ ಅದು ಯಾವುದೆಂದು ನಾನೂ ಹೇಳಲಾರೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಆಗಲೂ ಹುಡುಕುತ್ತಾ ಕೂರಬೇಡಿ. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು.

ಉಳಿದ ತೊಂದರೆಗಳಿಗೆ, ಬರುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು, ಯಾವುದರಿಂದ ಕಡಿಮೆ, ಯಾವ ಮಾತ್ರೆ ನುಂಗುತ್ತಿದ್ದೀರಿ. ಓದಿದ್ದರಿಂದ ಒಂದು ಹೆಸರು ಮನಸ್ಸಿನಲ್ಲಿ ಕುಳಿತಿದ್ದರೆ ಮುಚ್ಚಿಡಬೇಕಾಗಿಲ್ಲ, ಪರೀಕ್ಷೆ ಮುಗಿದ ಮೇಲೆ ಕೇಳಿ. ಅದು ಏಕೆ ಅಲ್ಲ ಎಂದು ವಿವರಿಸುವುದೋ, ಅದೂ ಇರಬಹುದೇನೋ ನೋಡೋಣ ಎನ್ನುವುದೋ ನನ್ನ ಕೆಲಸ. ಮೊಬೈಲಿನಲ್ಲಿ ಏನಾದರೂ ತೋರಿಸಲೇಬೇಕೆಂದಿದ್ದರೆ, ಬೆಳಿಗ್ಗೆ ಎದ್ದು ಸಂಜೆಗೆ ಮಾಯವಾಗುವ ದದ್ದುಗಳ ಫೋಟೊ ತೆಗೆದಿಡಿ. ನೀವು ನನ್ನ ಎದುರು ಕೂರುವ ಹೊತ್ತಿಗೆ ಅವು ಇರುವುದೇ ಇಲ್ಲ.