ಪದ ಪರಿಚಯ: ಚ್ಯಾಷ್ಟಿ

ತಂಗಿ ಮಗ ಧಾರವಾಡದಲ್ಲಿ ಎಂಟನೇ ಕ್ಲಾಸು. ಓದುವಾಗ ಸ್ವಲ್ಪ ತೊದಲುತ್ತಾನೆ. ಅವನು ಟ್ಯೂಶನ್ನಿನಲ್ಲಿ ಓದಿದ್ದನ್ನು ಜೊತೆಯ ಹುಡುಗರು ಕದ್ದು ರೆಕಾರ್ಡ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮೂರೇ ದಿನಕ್ಕೆ ಸ್ಟಿಕ್ಕರೂ ಬಂತು. ಬಾಯಿ ತೆರೆದ ಅವನ ಮುಖ, ಕೆಳಗೆ 'ಪ ಪ ಪ ಪೇಡಾ'. ದೂರು ಕೊಡಲು ಹೋದರೆ ಹೆಡ್ ಮಾಸ್ತರರು, "ಹುಡುಗ್ರು ಚ್ಯಾಷ್ಟಿ ಮಾಡ್ಯಾರ್ರಿ ಅಕ್ಕಾರ, ಭಾಳ ಮನಸಿಗೆ ಹಚ್ಚಿಕೋಬ್ಯಾಡ್ರಿ" ಅಂದರು.

ಚ್ಯಾಷ್ಟಿ ಅನ್ನೋದನ್ನ ಹೀಗೆ ಬಳಸಿದ್ದು ಈ ತಿಂಗಳಲ್ಲಿ ಮೂರನೇ ಸಲ ಕೇಳಿದೆ. ಸಾಕಾಯಿತು.

ಇದರ ಮೂಲ ಚೇಷ್ಟೆ. ಸಂಸ್ಕೃತದ ಚೇಷ್ಟಾ ಅಂದರೆ ಚಲನೆ, ಕೈಕಾಲು ಆಡಿಸುವುದು, ಅಷ್ಟೇ. ತುಂಟತನ ಅದರಲ್ಲಿ ಇರಲೇಬೇಕು ಅಂತಿಲ್ಲ. ಆ ಹಳೇ ಅರ್ಥ 'ನಿಶ್ಚೇಷ್ಟಿತ'ದಲ್ಲಿ ಈಗಲೂ ಉಳಿದಿದೆ: ಅಲುಗಾಡದೆ ಬಿದ್ದವನು. ಕನ್ನಡದಲ್ಲಿ ಇದು ಸುಮ್ನೆ ಕೂರಲಾರದ ಹುಡುಗರಿಗೆ ಅಂಟಿಕೊಂಡು ಮಂಗಚೇಷ್ಟೆ ಆಯಿತು. ಕೆಡುಕು ಬಯಸಿ ಮಾಡಿದ್ದಕ್ಕೆ ಪದದ ಮೊದಲಿಗೆ 'ಕು' ಹಚ್ಚಿ ಕುಚೇಷ್ಟೆ ಅಂದರು. ಎರಡೂ ಬೇರೆ ಅಂತ ಪದವೇ ಹೇಳುತ್ತಿತ್ತು. ನಮ್ಮ ಹುಬ್ಬಳ್ಳಿ-ಧಾರವಾಡದ ಬಾಯಲ್ಲಿ ಚೇಷ್ಟೆ ಚ್ಯಾಷ್ಟಿಯಾಯಿತು, ಸರಿ. 'ಕು' ಎಲ್ಲಿ ಹೋಯಿತು? 'ಕುಚ್ಯಾಷ್ಟಿ' ಅಂದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಒಳ್ಳೇದು ಕೆಟ್ಟದ್ದು ಎರಡೂ ಒಂದೇ ಚೀಲಕ್ಕೆ.

ಇಲ್ಲಿ ಚ್ಯಾಷ್ಟಿಗೆ ಒಂದು ಲೆಕ್ಕವಿದೆ. ಇವತ್ತು ಕಟ್ಟೆ ಮೇಲೆ ನೀನು ನನಗೆ 'ಮಂಗ್ಯಾ' ಅಂದರೆ ನಾಳೆ ಚಹಾದ ಅಂಗಡಿಯಲ್ಲಿ ನಾನು ಅದನ್ನು ಬಡ್ಡಿ ಸಮೇತ ತೀರಿಸುತ್ತೇನೆ. ತಿರುಗಿ ಮಾಡೋಕೆ ಆಗುತ್ತಾ? ಹಾಗಿದ್ದರೆ ಚ್ಯಾಷ್ಟಿ. ನಲವತ್ತು ಹುಡುಗರ ಗ್ರೂಪು, ಈ ಕಡೆ ತೊದಲುವ ಒಬ್ಬ ಹುಡುಗ. ಇದರಲ್ಲಿ ತೀರಿಸೋದು ಏನು ಬಂತು? ಕಟ್ಟೆ ಮಾತು ಸಂಜೆಗೆ ಮರೆತುಹೋಗುತ್ತೆ. ಸ್ಟಿಕ್ಕರು ಯಾರ ಯಾರ ಫೋನಿನಲ್ಲಿದೆಯೋ! ಅವನು ಈಗ ಓದು ಅಂದರೆ ಎದ್ದು ನಿಲ್ಲುತ್ತಾನೆ, ಪುಸ್ತಕ ತೆರೆಯುತ್ತಾನೆ, ಬಾಯಿ ಮಾತ್ರ ತೆರೆಯೋದಿಲ್ಲ.

ಇದಕ್ಕೆ ಸರಿಯಾದ ಪದ ಕಿರುಕುಳ. ಅದರೊಳಗೆ 'ಕಿರು' ಇದೆ ಅಂತ ಸಣ್ಣದು ಅಂದುಕೊಳ್ಳಬೇಡಿ.

ಕಾನೂನಿಗೆ ಈ ಗೊಂದಲ ಕಡಿಮೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ತಮಾಷೆಗೆ ಮಾಡಿದರೂ ರ‍್ಯಾಗಿಂಗ್ ರ‍್ಯಾಗಿಂಗೇ. ಹಾಗಂತ ಹದಿಮೂರರ ಹುಡುಗರನ್ನು ಠಾಣೆಗೆ ಎಳೆಯಿರಿ ಅಂತ ನಾನು ಹೇಳುತ್ತಿಲ್ಲ. ಶಿಕ್ಷೆ ಶಾಲೆಯೇ ಕೊಡಲಿ. ಬೆತ್ತ ಬೇಡ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತಕ್ಕೂ ಮಾನಸಿಕ ಕಿರುಕುಳಕ್ಕೂ ಅಡ್ಡ ಬರುತ್ತೆ. ಅಪ್ಪ-ಅವ್ವನ ಮುಂದೆ ಕೂಡಿಸಿ ಒಂದೊಂದೇ ಫೋನಿನಿಂದ ಅಳಿಸಲಿ. ಪೊಲೀಸರು ಬೇಕಾಗೋದು ಬೆದರಿಕೆ, ಖಾಸಗಿ ಫೋಟೋ ಹರಿಬಿಡೋದು ಇಂಥದ್ದಕ್ಕೆ. ಹೆಣ್ಣುಮಕ್ಕಳ ಬೆನ್ನುಬಿದ್ದು ಅವರ ಇಂಟರ್ನೆಟ್ ಬಳಕೆ ಮೇಲೆ ಕಣ್ಣಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಇದೆ.

ಇನ್ನು '66ಎ ಹಾಕಸ್ತೀನಿ' ಅಂತ ಗ್ರೂಪಿನಲ್ಲಿ ಹೆದರಿಸುವ ಅಣ್ಣಾವ್ರೇ, ಆಕ್ಷೇಪಾರ್ಹ ಮೆಸೇಜಿಗೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2015ರಲ್ಲೇ ರದ್ದು ಮಾಡಿದೆ.