ನಾನೂರು ವರ್ಷಕ್ಕೊಂದು ಸುತ್ತು

ಜಿನೀವಾ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಪಾಲೆಕ್ಸ್‌ಪೋ ಎಂಬ ವಿಶಾಲವಾದ ಪ್ರದರ್ಶನ ಭವನವಿದೆ. ವಾಚು ತಯಾರಕರು ವರ್ಷಕ್ಕೊಮ್ಮೆ ತಮ್ಮ ಹೊಸ ಮಾದರಿಗಳೊಂದಿಗೆ ಸೇರುವ ‘ವಾಚಸ್ ಆ್ಯಂಡ್ ವಂಡರ್ಸ್’ ಮೇಳ ನಡೆಯುವುದು ಅಲ್ಲೇ. 2024ರಲ್ಲಿ ಏಪ್ರಿಲ್ 9ರಿಂದ 15ರವರೆಗೆ, ಒಟ್ಟು ಏಳು ದಿನ, 54 ಕಂಪನಿಗಳು ಅಲ್ಲಿ ಮಳಿಗೆ ಹಾಕಿದ್ದವು. ಅವುಗಳಲ್ಲಿ ಒಂದು, ರೈನ್ ನದಿಯ ದಡದ ಶಾಫ್‌ಹೌಸೆನ್ ಊರಿನ ಐಡಬ್ಲ್ಯುಸಿ. ಬೋಸ್ಟನ್ನಿನಿಂದ ಬಂದ ಫ್ಲಾರೆಂಟೈನ್ ಅರಿಯೋಸ್ಟೋ ಜೋನ್ಸ್ ಎಂಬ ಅಮೆರಿಕನ್ 1868ರಲ್ಲಿ ಕಟ್ಟಿದ ಕಂಪನಿ ಅದು. ಆ ವರ್ಷ ಅದು ಮುಂದಿಟ್ಟ ಹೊಸ ವಾಚಿನ ಹೆಸರು ‘ಪೋರ್ಚುಗೀಸರ್ ಎಟರ್ನಲ್ ಕ್ಯಾಲೆಂಡರ್’. ಪ್ಲಾಟಿನಂ ಕವಚ, 44.4 ಮಿ.ಮೀ. ಅಗಲ, ಬಿಳಿ ಗಾಜಿನ ಡಯಲ್.

ಅದರೊಳಗಿನ ಒಂದು ಚಕ್ರ ಪೂರ್ತಿ ಒಂದು ಸುತ್ತು ತಿರುಗಲು 400 ವರ್ಷ ಬೇಕು.

ಈ 400 ವರ್ಷಗಳಲ್ಲಿ 1,46,097 ದಿನಗಳಿವೆ. ಏಳರಿಂದ ಭಾಗಿಸಿದರೆ ಶೇಷವಿಲ್ಲದೆ 20,871 ವಾರ. ಅಂದರೆ ಮೇಳ ನಡೆದ ಆ ಒಂದು ವಾರದ ಪಾಲಿಗೆ ಬರುವುದು ಸುತ್ತಿನ 20,871ರಲ್ಲಿ ಒಂದು ಭಾಗ, ಹೆಚ್ಚುಕಡಿಮೆ ಒಂದು ಡಿಗ್ರಿಯ ಅರವತ್ತನೇ ಒಂದಂಶ. ಬಂದವರೆಲ್ಲ ಭೂತಗನ್ನಡಿ ಹಿಡಿದು ಏಳು ದಿನವೂ ಕಾದು ಕೂತಿದ್ದರೂ ಆ ಚಕ್ರ ಅಲುಗಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಂಥದ್ದೊಂದನ್ನು ಮಾಡುವ ಅಗತ್ಯವಾದರೂ ಏನಿತ್ತು ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಕೊನೆಗೆ ನಮ್ಮ ಮನೆಯ ಪಂಚಾಂಗದ ಎದುರಿಗೇ ಬಂದು ನಿಲ್ಲುತ್ತೇವೆ.

ಬೆಂಗಳೂರಿನಲ್ಲಿ ತಯಾರಾದ, ತಾರೀಖು ತೋರಿಸುವ ಎಚ್‌ಎಂಟಿ ವಾಚು ಕಟ್ಟಿದವರಿಗೆ ಮೊದಲ ತೊಡಕು ಅನುಭವದಿಂದಲೇ ಗೊತ್ತು. ತಾರೀಖಿನ ಬಿಲ್ಲೆಯ ಮೇಲೆ 31 ಅಂಕಿಗಳಿರುತ್ತವೆ. ಜೂನ್ 30 ಮುಗಿದ ಮರುದಿನ ಬೆಳಿಗ್ಗೆ ಅದು 31 ಎನ್ನುತ್ತದೆ, ನಾವು ಕೀ ಎಳೆದು ಒಂದಕ್ಕೆ ತಿರುಗಿಸುತ್ತೇವೆ. ವರ್ಷಕ್ಕೆ ಐದು ಸಲ ಈ ಕೆಲಸ. ತಿಂಗಳ ಉದ್ದವನ್ನು ವಾಚೇ ತಿಳಿದುಕೊಳ್ಳಬೇಕಾದರೆ ಅದಕ್ಕೆ ನೆನಪು ಬೇಕು. ಬ್ಯಾಟರಿಯಾಗಲಿ ಚಿಪ್ಪಾಗಲಿ ಇಲ್ಲದ ಯಂತ್ರಕ್ಕೆ ನೆನಪೆಂದರೆ ಲೋಹದ ಆಕಾರ. ಅಂಚಿನಲ್ಲಿ ಬೇರೆ ಬೇರೆ ಆಳದ ಕಚ್ಚುಗಳಿರುವ ಒಂದು ಬಿಲ್ಲೆಯನ್ನು ಕಲ್ಪಿಸಿಕೊಳ್ಳಿ. ನಾಲ್ಕು ವರ್ಷಕ್ಕೆ ಅದರದ್ದು ಒಂದು ಸುತ್ತು, ಆ ಸುತ್ತಿನಲ್ಲಿ 48 ತಿಂಗಳು. ಒಂದು ಸಣ್ಣ ಲೀವರ್ ಅದರ ಅಂಚನ್ನು ಸವರುತ್ತಿರುತ್ತದೆ. ಕಚ್ಚು ಇಲ್ಲದಿದ್ದರೆ 31 ದಿನ, ಕಚ್ಚು ತುಸು ತಗ್ಗಿದ್ದರೆ 30, ಆಳವಾಗಿದ್ದರೆ ಫೆಬ್ರವರಿ. ಲೀವರ್ ಎಷ್ಟು ಕೆಳಗಿಳಿಯಿತೋ ಅದಕ್ಕೆ ತಕ್ಕಂತೆ ತಿಂಗಳ ಕೊನೆಯ ರಾತ್ರಿ ತಾರೀಖು ಒಂದೋ ಎರಡೋ ಮೂರೋ ಹೆಜ್ಜೆ ಹೆಚ್ಚಿಗೆ ಜಿಗಿಯುತ್ತದೆ. ಇದೇ ‘ಪರ್ಪೆಚುವಲ್ ಕ್ಯಾಲೆಂಡರ್’.

ಕ್ವಾರ್ಟ್ಜ್ ವಾಚುಗಳ ಹೊಡೆತಕ್ಕೆ ಸ್ವಿಸ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ದಿನಗಳಲ್ಲಿ ಐಡಬ್ಲ್ಯುಸಿಯ ಕುರ್ಟ್ ಕ್ಲೌಸ್ ಇಂಥದ್ದೊಂದು ಯಂತ್ರವನ್ನು ಕಂಪ್ಯೂಟರಿನ ಹಂಗಿಲ್ಲದೆ ಡ್ರಾಯಿಂಗ್ ಬೋರ್ಡಿನ ಮೇಲೆ ರೂಪಿಸಿದರು. ‘ಡಾ ವಿಂಚಿ’ ಎಂಬ ಹೆಸರಿನಲ್ಲಿ ಅದು 1985ರ ಬಾಸೆಲ್ ಮೇಳಕ್ಕೆ ಬಂತು. ತಾರೀಖು, ವಾರ, ತಿಂಗಳು, ನಾಲ್ಕಂಕಿಯ ಇಸವಿ, ಚಂದ್ರ, ಎಲ್ಲವನ್ನೂ ಒಂದೇ ಕೀಯಿಂದ ಹೊಂದಿಸಬಹುದಿತ್ತು. ಇಸವಿಯ ಮೊದಲ ಎರಡಂಕಿ ಬರೆದಿದ್ದ ಪಟ್ಟಿ ನೂರು ವರ್ಷಕ್ಕೊಮ್ಮೆ 1.2 ಮಿ.ಮೀ. ಸರಿಯುತ್ತದೆ. ಅದರ ಮೇಲಿದ್ದದ್ದು 19, 20, 21 ಮಾತ್ರ. 2200ನೇ ಇಸವಿ ಬಂದಾಗ ಹಾಕಿಕೊಳ್ಳಲೆಂದು ಮುಂದಿನ ಪಟ್ಟಿಯನ್ನು ಪುಟ್ಟ ಗಾಜಿನ ಕೊಳವೆಯಲ್ಲಿಟ್ಟು ವಾಚಿನ ಜೊತೆಗೇ ಕೊಟ್ಟರು. ಈ ಕೊಳವೆಯ ಸಂಗತಿ ನನಗೆ ಯಾವಾಗ ನೆನಪಾದರೂ ಮನಸ್ಸು ತುಂಬಿ ಬರುತ್ತದೆ. ಇನ್ನೂ ಹುಟ್ಟದ ಯಾರಿಗೋ ಎಂದು ತೆಗೆದಿಟ್ಟ ಬುತ್ತಿ ಅದು.

ಆದರೂ ಆ ವಾಚಿನಲ್ಲಿ ಒಂದು ಕೊರತೆ ಉಳಿದಿತ್ತು. ನಾಲ್ಕು ವರ್ಷಕ್ಕೊಂದು ಅಧಿಕ ವರ್ಷ ಎಂಬ ಸೂತ್ರವೇ ಪೂರ್ತಿ ಸರಿಯಲ್ಲ. ಋತುಗಳ ಒಂದು ಆವರ್ತ ಮುಗಿಯಲು 365.2422 ದಿನ ಬೇಕು. ಜೂಲಿಯನ್ ಕ್ಯಾಲೆಂಡರ್ ಅದನ್ನು 365.25 ಎಂದು ಹಿಡಿದಿತ್ತು. ವರ್ಷಕ್ಕೆ 11 ನಿಮಿಷದ ವ್ಯತ್ಯಾಸ. ಅದು ಶತಮಾನಗಟ್ಟಲೆ ಬೆಳೆದು, ಹದಿಮೂರನೇ ಗ್ರೆಗರಿ ಪೋಪ್ 1582ರಲ್ಲಿ ಹತ್ತು ದಿನಗಳನ್ನೇ ಕಿತ್ತುಹಾಕಬೇಕಾಯಿತು. ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದರು. ಮುಂದೆ ಹಾಗಾಗದಿರಲೆಂದು ಶತಮಾನದ ವರ್ಷಗಳಿಗೆ ಬೇರೆ ನಿಯಮ ಬಂತು: 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಹಾಗೆ ಭಾಗವಾಯಿತು, 29 ದಿನಗಳ ಫೆಬ್ರವರಿ ಸಿಕ್ಕಿತು. 2100, 2200, 2300ಕ್ಕೆ ಆ ಭಾಗ್ಯವಿಲ್ಲ. ಮಾಮೂಲಿ ಪರ್ಪೆಚುವಲ್ ವಾಚುಗಳಿಗೆ ಈ ವಿಷಯ ತಿಳಿಯದು.

2024ರ ವಾಚಿನ 400 ವರ್ಷದ ಚಕ್ರ ಹುಟ್ಟಿದ್ದು ಇದಕ್ಕಾಗಿ. ಅದರಲ್ಲಿ ಮೂರು ತಗ್ಗುಗಳಿವೆ. ಆ ಮೂರು ಇಸವಿಗಳಲ್ಲಿ ಮಾತ್ರ ಅದು ‘ಈ ಸಲ 29 ಬೇಡ’ ಎಂದು ಕ್ಯಾಲೆಂಡರಿಗೆ ತಿಳಿಸುತ್ತದೆ. ಅದೇ ವಾಚಿನ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಎಂಟು ಸಲ ಟಿಕ್ ಎನ್ನುತ್ತದೆ. ಗುಣಿಸಿ ನೋಡಿದರೆ, ಸುಮಾರು ಹತ್ತು ಸಾವಿರ ಕೋಟಿ ಟಿಕ್‌ಗಳಿಗೆ ಆ ನಿಧಾನದ ಚಕ್ರದ್ದು ಒಂದು ಸುತ್ತು. ಒಂದೇ ಸ್ಪ್ರಿಂಗಿನ ಬಲ, ಒಂದೇ ಮಣಿಕಟ್ಟು, ನಡುವೆ ಇಷ್ಟು ಅಂತರ. ನಾನೂರು ವರ್ಷಗಳ ಈ ನಿಯಮವನ್ನು ಯಂತ್ರಕ್ಕೆ ಕಲಿಸಿದವರಲ್ಲಿ ಐಡಬ್ಲ್ಯುಸಿ ಮೊದಲಿಗರೇನಲ್ಲ. ಸ್ಟ್ರಾಸ್‌ಬರ್ಗ್ ಚರ್ಚಿನ ಖಗೋಳ ಗಡಿಯಾರದಲ್ಲಿ ಶ್ವಿಲ್ಗೆ 1840ರ ಸುಮಾರಿಗೇ ಅದನ್ನು ಅಳವಡಿಸಿದ್ದರು. 1989ರಲ್ಲಿ ಪಾಟೆಕ್ ಫಿಲಿಪ್ ಕಂಪನಿಯ ‘ಕ್ಯಾಲಿಬರ್ 89’ ಜೇಬುಗಡಿಯಾರಕ್ಕೂ ಅದು ಗೊತ್ತಿತ್ತು. ಇಲ್ಲಿನ ಹೆಚ್ಚುಗಾರಿಕೆ ಅದನ್ನು ಕ್ಲೌಸ್ ಅವರ ಹಳೆಯ ಯಂತ್ರದ ಮೇಲೆಯೇ ಕೂರಿಸಿದ್ದು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಥೆ ಡಯಲಿನ ಮೇಲ್ಭಾಗದಲ್ಲಿರುವ ಚಂದ್ರನದು.

ಹಲ್ಲುಚಕ್ರವೆಂದರೆ ಒಂದು ಭಿನ್ನರಾಶಿ. ಎಂಟು ಹಲ್ಲಿನ ಚಕ್ರ ಅರವತ್ತು ಹಲ್ಲಿನದನ್ನು ತಿರುಗಿಸಿದರೆ ಅದು 8/60. ಅರ್ಧ ಹಲ್ಲು ಎಂಬುದಿಲ್ಲ, ಎಲ್ಲವೂ ಪೂರ್ಣ ಸಂಖ್ಯೆಗಳೇ ಆಗಬೇಕು. ನಿಮಿಷ, ಗಂಟೆ, ವಾರ ಇವೆಲ್ಲ ಮನುಷ್ಯರು ಮಾಡಿಕೊಂಡ ಪಾಲುಗಳು, ಅಲ್ಲಿ ಹಲ್ಲುಗಳ ಲೆಕ್ಕ ಸಲೀಸು. ಚಂದ್ರ ಮಾತ್ರ ನಮ್ಮ ಪಾಲಿಗೆ ಒಗ್ಗುವುದಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ 3 ಸೆಕೆಂಡ್. ದಶಮಾಂಶದಲ್ಲಿ 29.530589, ಮುಂದೆಯೂ ಅಂಕಿಗಳಿವೆ. ಹಳೆಯ ವಾಚುಗಾರರು ಇದಕ್ಕೆ ಕಂಡುಕೊಂಡ ಉಪಾಯ 59 ಹಲ್ಲುಗಳದ್ದು. ಒಂದು ಬಿಲ್ಲೆಯ ಮೇಲೆ ಎರಡು ಚಂದ್ರ, ದಿನಕ್ಕೊಂದು ಹಲ್ಲು ಮುಂದೆ. ಆಗ ತಿಂಗಳಿಗೆ 29.5 ದಿನ. ತಿಂಗಳಿಗೆ 44 ನಿಮಿಷ ತಪ್ಪಿ, ಎರಡು ವರ್ಷ ಏಳೆಂಟು ತಿಂಗಳಿಗೆ ಇಡೀ ಒಂದು ದಿನ ಹೋಗುತ್ತದೆ. ಆಮೇಲೆ 135 ಹಲ್ಲಿನ ಚಕ್ರ ಬಂತು. ಅದರ ತಪ್ಪು ತಿಂಗಳಿಗೆ 57 ಸೆಕೆಂಡ್, ಒಂದು ದಿನ ತಪ್ಪಲು 122 ವರ್ಷ. ಒಂದು ಜನ್ಮಕ್ಕೆ ಧಾರಾಳವಾಗಿ ಸಾಕು.

ಐಡಬ್ಲ್ಯುಸಿಯವರು ಅಲ್ಲಿಗೆ ನಿಲ್ಲಲಿಲ್ಲ. ನಡುವೆ ಮೂರು ಚಕ್ರಗಳನ್ನು ಸೇರಿಸಿದರೆ ಭಿನ್ನರಾಶಿಗಳನ್ನು ಒಂದರಿಂದೊಂದು ಗುಣಿಸಬಹುದು. ಯಾವ ಚಕ್ರಕ್ಕೆ ಎಷ್ಟು ಹಲ್ಲು ಎಂಬುದನ್ನು ಕಂಪ್ಯೂಟರಿಗೆ ಬಿಟ್ಟು 22 ಲಕ್ಷ ಕೋಟಿಗೂ ಹೆಚ್ಚು ಜೋಡಣೆಗಳನ್ನು ಜಾಲಾಡಿಸಿದರು. ಸಿಕ್ಕಿದ ಉತ್ತರದಲ್ಲಿ ಒಂದು ದಿನ ತಪ್ಪಲು 4.5 ಕೋಟಿ ವರ್ಷ ಬೇಕು. ತಿಂಗಳಿಗೆ ಹಂಚಿದರೆ ಸೆಕೆಂಡಿನ ಆರು ಸಾವಿರದಲ್ಲಿ ಒಂದು ಭಾಗದಷ್ಟೂ ತಪ್ಪಿಲ್ಲ.

ಆಕಾಶವನ್ನು ಎರಡು ಪೂರ್ಣ ಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯುವ ಈ ಕೆಲಸ ನಮ್ಮಲ್ಲೂ ನಡೆದಿತ್ತು. ಸೂರ್ಯಸಿದ್ಧಾಂತ ಹೇಳುವಂತೆ ಒಂದು ಮಹಾಯುಗದಲ್ಲಿ 1,57,79,17,828 ದಿನಗಳು, 5,34,33,336 ಚಾಂದ್ರಮಾಸಗಳು. ಪಂಚಾಂಗದ ಪ್ರಸ್ತಾವನೆಯಲ್ಲಿ ಇಂಥ ಅಂಕಿಗಳನ್ನು ಕಂಡಾಗ ಪುರಾಣದ ಉತ್ಪ್ರೇಕ್ಷೆ ಎಂದು ಪುಟ ಮಗುಚುವವರೇ ಹೆಚ್ಚು. ಒಮ್ಮೆ ಭಾಗಿಸಿ ನೋಡಿ. 29.530588 ದಿನ ಬರುತ್ತದೆ. ಇಂದಿನ ಖಗೋಳ ವಿಜ್ಞಾನದ ಸರಾಸರಿಗೂ ಅದಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಅಂತರವಿಲ್ಲ. ಯುಗದ ಅಂಕಿ ಅಷ್ಟು ದೊಡ್ಡದಾಗಿರುವುದಕ್ಕೆ ಗಣಿತದ ದೃಷ್ಟಿಯಲ್ಲಿ ಒಂದು ಉಪಯೋಗವಿದೆ. ಛೇದ ದೊಡ್ಡದಾದಷ್ಟೂ ಭಿನ್ನರಾಶಿ ನಿಖರವಾಗುತ್ತ ಹೋಗುತ್ತದೆ, ಅರ್ಧ ಕಾಲು ಎಂಬ ಚೂರುಗಳಿಗೆ ಕೆಲಸವೇ ಇರುವುದಿಲ್ಲ. ಗಣಿತಜ್ಞರು ಅಂಕಿ ಬೆಳೆಸಿದ್ದಕ್ಕೂ ವಾಚುಗಾರರು ಚಕ್ರ ಸೇರಿಸಿದ್ದಕ್ಕೂ ಕಾರಣ ಒಂದೇ.

ಇನ್ನು 4.5 ಕೋಟಿ ವರ್ಷ ಎಂಬ ಮಾತು. ಇದನ್ನು ಬಿಡಿಸಿ ನೋಡದಿದ್ದರೆ ಓದುಗರಿಗೂ ವಾಚಿಗೂ ಅನ್ಯಾಯ. ಅದು ಹಲ್ಲುಗಳ ಗಣಿತದ ನಿಖರತೆ. ಕೈಯಲ್ಲಿ ಕಟ್ಟಿದ ಯಂತ್ರದ ನಿಖರತೆ ಬೇರೆ. ಒಳ್ಳೆಯ ಮೆಕ್ಯಾನಿಕಲ್ ವಾಚು ದಿನಕ್ಕೆ ನಾಲ್ಕೈದು ಸೆಕೆಂಡ್ ಹೆಚ್ಚುಕಡಿಮೆ ನಡೆಯುವುದು ಸಾಮಾನ್ಯ. ದಿನಕ್ಕೆ 5 ಸೆಕೆಂಡ್ ಮುಂದೆ ಓಡುವ ವಾಚನ್ನು ಸರಿಪಡಿಸದೆ ಬಿಟ್ಟರೆ 47 ವರ್ಷಕ್ಕೇ ಒಂದು ದಿನ ತಪ್ಪುತ್ತದೆ, ಚಂದ್ರನೂ ಅದರೊಂದಿಗೇ ತಪ್ಪುತ್ತಾನೆ. ಸ್ಪ್ರಿಂಗಿನ ಬಲ ಇರುವುದು ಏಳು ದಿನ. ಎಣ್ಣೆ ಆರುತ್ತದೆ, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕು.

ಇನ್ನೊಂದು ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಚಂದ್ರನೇ ಬದಲಾಗುತ್ತಿದ್ದಾನೆ. 1969ರಿಂದ ಅಪೊಲೊ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದಾಗ ತಿಳಿದದ್ದು, ಆತ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಎಂದು. ಸಮುದ್ರದ ಉಬ್ಬರ ಭೂಮಿಯ ತಿರುಗುವಿಕೆಯನ್ನು ಸ್ವಲ್ಪಸ್ವಲ್ಪವೇ ತಡೆಯುತ್ತದೆ, ಭೂಮಿ ಕಳೆದುಕೊಂಡ ಆವೇಗ ಚಂದ್ರನ ಪಾಲಾಗುತ್ತದೆ. ಪರಮಾಣು ಗಡಿಯಾರದಿಂದ ಅಳೆದರೆ ಚಾಂದ್ರಮಾಸದ ಸರಾಸರಿ ಒಂದು ಶತಮಾನದಲ್ಲಿ ಸುಮಾರು 0.02 ಸೆಕೆಂಡ್ ಹಿಗ್ಗುತ್ತದೆ. ಅಂದರೆ ವಾಚಿನ ಚಕ್ರಗಳು ತಪ್ಪುವ ಪ್ರಮಾಣಕ್ಕಿಂತ ಹೆಚ್ಚಾಗಿ ಚಂದ್ರನೇ ಒಂದು ವರ್ಷದೊಳಗೆ ಬದಲಾಗಿಬಿಡುತ್ತಾನೆ! ಇಂದಿನ ವೇಗವೇ ಮುಂದುವರಿದರೆ 4.5 ಕೋಟಿ ವರ್ಷದಲ್ಲಿ ಆತ 1,700 ಕಿ.ಮೀ. ಆಚೆ ಹೋಗಿರುತ್ತಾನೆ. ಆ ಹೊತ್ತಿಗೆ ಈ ಭಿನ್ನರಾಶಿಗೆ ಹೊಂದುವ ತಿಂಗಳೇ ಇರುವುದಿಲ್ಲ.

ಸರಾಸರಿ ಎಂಬ ಪದವನ್ನು ಮೇಲೆ ಪದೇ ಪದೇ ಬಳಸಿದ್ದಕ್ಕೂ ಕಾರಣವಿದೆ. ಚಂದ್ರನ ದಾರಿ ದೀರ್ಘವೃತ್ತ. ಭೂಮಿಗೆ ಹತ್ತಿರವಾದಾಗ ವೇಗ, ದೂರವಾದಾಗ ನಿಧಾನ. ಹಾಗಾಗಿ ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಕೆಲವೊಮ್ಮೆ 29 ದಿನ 7 ಗಂಟೆಯಷ್ಟೇ ಆದರೆ, ಕೆಲವೊಮ್ಮೆ 29 ದಿನ 20 ಗಂಟೆಯೂ ಆಗುತ್ತದೆ. ವಾಚಿನ ಚಂದ್ರನಿಗೆ ಈ ಏರಿಳಿತ ಗೊತ್ತಿಲ್ಲ, ಆತ ಸದಾ ಒಂದೇ ಹದದಲ್ಲಿ ನಡೆಯುತ್ತಾನೆ. ಪಂಚಾಂಗಕ್ಕೆ ಗೊತ್ತು. ತಿಥಿ ಒಂದು ದಿನ ಸುಮಾರು 20 ಗಂಟೆಗೇ ಮುಗಿದು, ಇನ್ನೊಂದು ದಿನ 26 ಗಂಟೆವರೆಗೂ ಎಳೆಯುವುದು, ಕ್ಷಯತಿಥಿ, ವೃದ್ಧಿತಿಥಿ ಎಂದು ಅಜ್ಜಿಯರು ಲೆಕ್ಕ ಹಾಕುತ್ತಿದ್ದದ್ದು ಇದೇ ಏರಿಳಿತದಿಂದ. ಲೋಹದಲ್ಲಿ ಇದನ್ನು ಹಿಡಿದಿಟ್ಟವರೂ ಇದ್ದರು. 1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಸಮುದ್ರದ ತಳದಿಂದ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯ ಕಂಚಿನ ಯಂತ್ರದಲ್ಲಿ ಎರಡು ಚಕ್ರಗಳನ್ನು ಕೇಂದ್ರ ಒಂದಿಷ್ಟು ತಪ್ಪಿಸಿ ಕೂರಿಸಿ, ಒಂದರ ಮೊಳೆಯನ್ನು ಇನ್ನೊಂದರ ಸೀಳಿನಲ್ಲಿ ಆಡಿಸಿದ್ದಾರೆ. ಮೊಳೆ ಸೀಳಿನಲ್ಲಿ ಜಾರುತ್ತಿದ್ದಂತೆ ಚಂದ್ರನ ಮುಳ್ಳು ಕೆಲವು ದಿನ ಚುರುಕಾಗಿ, ಕೆಲವು ದಿನ ಮಂದವಾಗಿ ನಡೆಯುತ್ತದೆ. ಇದರ ಗುಟ್ಟು ಬಿಡಿಸಿದ್ದು 2006ರಲ್ಲಿ. ಸರಾಸರಿಯಲ್ಲಿ 2024ರ ವಾಚು ಅದನ್ನು ಎಷ್ಟೋ ಮೀರಿಸಿದೆ. ಚಂದ್ರನ ನಡಿಗೆಯನ್ನು ಅನುಕರಿಸುವುದರಲ್ಲಿ ಆ ಹಳೆಯ ಕಂಚೇ ಮುಂದು ಎಂದು ನನ್ನ ಅನಿಸಿಕೆ.

ವಾಚಿನಲ್ಲಿ ಉತ್ತರ ಗೋಳಾರ್ಧಕ್ಕೊಂದು, ದಕ್ಷಿಣ ಗೋಳಾರ್ಧಕ್ಕೊಂದು, ಹೀಗೆ ಎರಡು ಚಂದ್ರರಿದ್ದಾರೆ. ಒಬ್ಬನ ಬೆಳಕು ಬಲದಿಂದ, ಇನ್ನೊಬ್ಬನದು ಎಡದಿಂದ ತುಂಬುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಕರ್ನಾಟಕದಲ್ಲಿ ಬಿದಿಗೆಯ ಚಂದ್ರ ಕೆಲವು ತಿಂಗಳು ದೋಣಿಯಂತೆ ಬೆನ್ನ ಮೇಲೆ ಮಲಗಿರುತ್ತಾನೆ. ಆ ಭಂಗಿಗೆ ಅಲ್ಲಿ ಜಾಗವಿಲ್ಲ.

2024ರ ನವೆಂಬರಿನಲ್ಲಿ ಜಿನೀವಾದಲ್ಲಿಯೇ ವಾಚು ಲೋಕದ ದೊಡ್ಡ ಗೌರವವಾದ ‘ಎಗ್ವೀ ಡೋರ್’, ಅಂದರೆ ಚಿನ್ನದ ಮುಳ್ಳು, ಈ ವಾಚಿಗೆ ಸಂದಿತು. ಅದರ ನಿಜವಾದ ಪರೀಕ್ಷೆ ಇನ್ನೂ ಬಾಕಿ ಇದೆ. 2100ರ ಫೆಬ್ರವರಿ 28 ಭಾನುವಾರ ಬರುತ್ತದೆ. ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿರುತ್ತದೆ, ಮಧ್ಯರಾತ್ರಿಗೆ ತುಸು ಮುಂಚೆ ಸವೆದ ಚಂದ್ರ ಪೂರ್ವದಲ್ಲಿ ಎದ್ದಿರುತ್ತಾನೆ. ಮೇಳದ ವಾರದಲ್ಲಿ ಹುಟ್ಟಿದ ಮಗುವಿಗೆ ಆಗ ಎಪ್ಪತ್ತೈದು ತುಂಬಿರುತ್ತದೆ. ಅಲ್ಲಿಯವರೆಗೆ ಯಾರಾದರೂ ಎಣ್ಣೆ ಹಾಕಿಸಿ, ಕೀ ಕೊಟ್ಟು, ನಿಲ್ಲದಂತೆ ನೋಡಿಕೊಂಡಿದ್ದರೆ, ಆ ರಾತ್ರಿ ಒಂದು ಲೀವರ್ ಮೊದಲ ತಗ್ಗಿಗೆ ಇಳಿಯುತ್ತದೆ, ಡಯಲಿನ ಮೇಲೆ ತಾರೀಖು 28ರಿಂದ ನೇರವಾಗಿ ಒಂದಕ್ಕೆ ಜಿಗಿಯುತ್ತದೆ.