ನೇಪಲ್ಸ್‌ನ ಗೋದಲಿ ಬೀದಿ: ಹರಕೆಗೊಂಬೆಯಿಂದ ಮರಡೋನಾವರೆಗೆ

ಕರ್ನಾಟಕದ ಕ್ರೈಸ್ತರು ಕ್ರಿಸ್‌ಮಸ್‌ಗೆ ಕಟ್ಟುವ ಗೋದಲಿಯಲ್ಲಿ ಬಾಲಯೇಸು, ಮರಿಯ, ಜೋಸೆಫ್, ದನಕರು, ಕುರುಬರು, ಮೂವರು ಜ್ಞಾನಿಗಳು ಇರುತ್ತಾರೆ. ಇಟಲಿಯ ನೇಪಲ್ಸ್‌ನ ಗೋದಲಿಯಲ್ಲಿ ಇವರ ಸುತ್ತ ಮೀನು ಮಾರುವವನು, ಬಟ್ಟೆ ಒಗೆಯುವ ಹೆಂಗಸು, ದ್ರಾಕ್ಷಾರಸದ ಪೀಪಾಯಿಯ ಮುಂದೆ ಕುಳಿತ ವ್ಯಾಪಾರಿ, ಒಲೆಯ ಮುಂದೆ ನಿಂತ ಪಿಟ್ಸಾ ಮಾಡುವವನು ಹೀಗೆ ಒಂದು ಪೇಟೆಯೇ ನೆರೆದಿರುತ್ತದೆ. ಇವನ್ನೆಲ್ಲ ವರ್ಷವಿಡೀ ಮಾಡಿ ಮಾರುವ ಕಿರಿದಾದ ಬೀದಿಯ ಹೆಸರು ವಿಯಾ ಸ್ಯಾನ್ ಗ್ರೆಗೋರಿಯೋ ಅರ್ಮೇನೋ. ಗೋದಲಿಗೆ ಅಲ್ಲಿನವರು ಹೇಳುವ ಪದ ‘ಪ್ರೆಸೆಪೆ’. ನಮ್ಮ ‘ಗೋದಲಿ’ಯಂತೆ ಅದರ ಮೂಲಾರ್ಥವೂ ದನಗಳಿಗೆ ಮೇವು ಹಾಕುವ ತೊಟ್ಟಿಯೇ.

ಗ್ರೀಕರ ಕಾಲದ ನಗರಯೋಜನೆಯ ಎರಡು ಸಮಾನಾಂತರ ರಸ್ತೆಗಳನ್ನು ಕೂಡಿಸುವ ಈ ಓಣಿಯಲ್ಲಿ ಹಿಂದೆ ಧಾನ್ಯದೇವತೆ ಸೆರೆಸ್‌ಳ ಗುಡಿಯಿತ್ತೆಂದೂ, ಭಕ್ತರು ಅಲ್ಲಿಗೆ ಸುಟ್ಟ ಮಣ್ಣಿನ ಪುಟ್ಟ ಗೊಂಬೆಗಳನ್ನು ಹರಕೆಯಾಗಿ ಒಪ್ಪಿಸುತ್ತಿದ್ದರೆಂದೂ ಪ್ರತೀತಿಯಿದೆ. 8ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿಗ್ರಹಗಳ ವಿರುದ್ಧ ಚಳವಳಿ ಎದ್ದಾಗ ಓಡಿಬಂದ ಸಂನ್ಯಾಸಿನಿಯರು ಅರ್ಮೇನಿಯದ ಸಂತ ಗ್ರೆಗೊರಿಯ ಅವಶೇಷಗಳನ್ನು ಇಲ್ಲಿಗೆ ತಂದರೆಂದು ಹೇಳುತ್ತಾರೆ. ಬೀದಿಗೆ ಹೆಸರು ಬಂದದ್ದು ಆ ಸಂತನಿಂದ. ಬೀದಿಯ ಮೇಲೆ ಅಡ್ಡಲಾಗಿ ನಿಂತಿರುವ ಕಮಾನಿನ ಗಂಟೆಗೋಪುರದ ಕೆಳಗೆ ಹಾದುಹೋಗುವಾಗ ಈ ಸನ್ಯಾಸಿನಿಯರ ಮಠ ಇಂದಿಗೂ ಕಣ್ಣಿಗೆ ಬೀಳುತ್ತದೆ.

1223ರಲ್ಲಿ ಸಂತ ಫ್ರಾನ್ಸಿಸ್ ಗ್ರೆಚ್ಚೋ ಎಂಬ ಊರಿನಲ್ಲಿ ಕ್ರಿಸ್ತಜನನದ ದೃಶ್ಯವನ್ನು ಜನರ ಮುಂದೆ ತೋರಿಸಿದ್ದು ಈ ಸಂಪ್ರದಾಯದ ಹೆಸರಾಂತ ಮೊದಲ ಘಟ್ಟ. ಆದರೆ ನೇಪಲ್ಸ್‌ನ ಗೋದಲಿ ಪೇಟೆಯಾಗಿ ಬೆಳೆದದ್ದು 18ನೆಯ ಶತಮಾನದಲ್ಲಿ. 1734ರಿಂದ 1759ರವರೆಗೆ ಆಳಿದ ಬೂರ್ಬನ್ ರಾಜಮನೆತನದ ದೊರೆ ಚಾರ್ಲ್ಸನಿಗೆ ಈ ಕಲೆಯಲ್ಲಿ ಅಪಾರ ಆಸಕ್ತಿಯಿತ್ತು. ಅರಮನೆಯನ್ನು ನೋಡಿ ಶ್ರೀಮಂತರೂ ಪೈಪೋಟಿಗೆ ಬಿದ್ದರು. ಡೊಮಿನಿಕನ್ ಪಂಥದ ಫಾದರ್ ರೊಕ್ಕೊ ಬಡವರ ಮನೆಗಳಲ್ಲೂ ಗೋದಲಿ ಇಡಿಸಲು ದುಡಿದರು. ಅಮೃತಶಿಲೆಯಲ್ಲಿ ತೆಳು ಮುಸುಕು ಹೊದ್ದ ಕ್ರಿಸ್ತನನ್ನು 1753ರಲ್ಲಿ ಕೆತ್ತಿದ ಮಹಾಶಿಲ್ಪಿ ಜುಸೆಪ್ಪೆ ಸನ್‌ಮಾರ್ತಿನೋ ಸಹ ಗೋದಲಿಯ ಗೊಂಬೆಗಳನ್ನು ಮಾಡಿದವನು. ಅದೇ ಕಾಲದಲ್ಲಿ, ಜ್ವಾಲಾಮುಖಿಯ ಸ್ಫೋಟದಲ್ಲಿ ಹೂತುಹೋಗಿದ್ದ ಹತ್ತಿರದ ರೋಮನ್ ಪಟ್ಟಣಗಳು, 1738ರಿಂದ ಹರ್ಕುಲೇನಿಯಂ, 1748ರಿಂದ ಪೊಂಪೇ, ಅಗೆತಕ್ಕೆ ತೆರೆದುಕೊಂಡವು. ಗೋದಲಿಯಲ್ಲಿ ಕೊಟ್ಟಿಗೆಯ ಜಾಗಕ್ಕೆ ಮುರಿದ ರೋಮನ್ ಗುಡಿಯ ಕಂಬಗಳನ್ನು ನಿಲ್ಲಿಸುವ ರೂಢಿಗೆ ಈ ಉತ್ಖನನಗಳ ಸಂಭ್ರಮವೂ ಬಲ ಕೊಟ್ಟಿತು.

ಆ ಕಾಲದ ಒಂದು ಗೊಂಬೆಯ ರಚನೆಯನ್ನು ಹತ್ತಿರದಿಂದ ನೋಡಬೇಕು. ತಲೆ ಸುಟ್ಟ ಮಣ್ಣಿನದು, ಕಣ್ಣು ಗಾಜಿನದು, ಕೈಕಾಲು ಮರದ್ದು. ನಡುವಿನ ಮೈ ಮಾತ್ರ ತಂತಿಗೆ ನಾರು ಸುತ್ತಿ ಮಾಡಿದ್ದು. ಹಾಗಾಗಿ ತೋಳನ್ನು ಬಾಗಿಸಬಹುದು, ಸೊಂಟವನ್ನು ತಿರುಗಿಸಬಹುದು, ಬಟ್ಟೆಯನ್ನು ನಿಜವಾದ ಮೈಗೆ ತೊಡಿಸಿದಂತೆ ತೊಡಿಸಬಹುದು. ರಾಜನಿರಲಿ, ಮೀನುಗಾರನಿರಲಿ, ಈ ಕಸುಬಿನವರಿಗೆ ಎಲ್ಲ ಗೊಂಬೆಗಳೂ ‘ಪಾಸ್ತೋರಿ’, ಅಂದರೆ ಕುರುಬರೇ. ಗುಡ್ಡಗಳನ್ನು ಕಾರ್ಕ್ ತೊಗಟೆಯಿಂದ ಕಟ್ಟಿ ಪಾಚಿ ಹೊದಿಸುತ್ತಾರೆ. ಎಲ್ಲಕ್ಕಿಂತ ಎತ್ತರದಲ್ಲಿ ಬೆನೀನೋ ಎಂಬ ಕುರುಬ ಹುಡುಗ ನಿದ್ರಿಸುತ್ತಿರುತ್ತಾನೆ. ಇಡೀ ಗೋದಲಿ ಅವನ ಕನಸು, ಅವನನ್ನು ಎಬ್ಬಿಸಿದರೆ ಎಲ್ಲವೂ ಮಾಯವಾಗುತ್ತದೆ ಎಂಬುದು ಅಲ್ಲಿನ ನಂಬಿಕೆ.

ಶ್ರೀಮಂತರ ಸಂಗ್ರಹಗಳು 19ನೆಯ ಶತಮಾನದಲ್ಲಿ ಚದುರಿಹೋದವು. ಮಿಕೆಲೆ ಕುಚಿನಿಯೆಲ್ಲೋ ಎಂಬ ಸಂಗ್ರಾಹಕ ದಾನವಾಗಿ ಕೊಟ್ಟ ಬೃಹತ್ ಗೋದಲಿ 1879ರಿಂದ ಸ್ಯಾನ್ ಮಾರ್ತಿನೋ ವಸ್ತುಸಂಗ್ರಹಾಲಯದಲ್ಲಿದೆ. ಬೀದಿಗೆ ಹೋಗುವ ಮೊದಲು ಅದನ್ನು ನೋಡಿದರೆ ಅಂಗಡಿಗಳಲ್ಲಿ ಏನನ್ನು ಹುಡುಕಬೇಕೆಂಬುದು ತಿಳಿಯುತ್ತದೆ.

ಇಂದು ಅಂಗಡಿಗಳ ಮುಂಭಾಗದಲ್ಲಿ ಮರಡೋನಾ, ಹಾಸ್ಯನಟ ತೊತೊ, ಆ ವರ್ಷದ ರಾಜಕಾರಣಿಗಳು ಸಾಲಾಗಿ ನಿಂತಿರುವುದನ್ನು ಕಂಡು ಸಂಪ್ರದಾಯ ಕೆಟ್ಟಿತೆಂದು ಬೇಸರಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. 18ನೆಯ ಶತಮಾನದವರೂ ಬೆತ್ಲೆಹೇಮಿನಲ್ಲಿ ತಮ್ಮ ಊರಿನವರನ್ನೇ ತಂದು ನಿಲ್ಲಿಸಿದ್ದರು. ಕಾಲ್ಚೆಂಡಿನ ಆಟಗಾರನಿಗೂ ಅಲ್ಲಿ ಹಕ್ಕಿನ ಜಾಗವಿದೆ. ನಿಜವಾದ ಆತಂಕ ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಗೊಂಬೆಗಳದ್ದು. ದಿನಗಟ್ಟಲೆ ಕೂತು ಒಂದು ಮುಖ ತಿದ್ದುವ ಕುಶಲಕರ್ಮಿ, ಡಿಸೆಂಬರಿನ ಜನಜಂಗುಳಿಯ ನೂಕುನುಗ್ಗಲಿನಲ್ಲಿ ಅದರ ಬೆಲೆಯನ್ನು ಅವುಗಳೊಡನೆ ಹೋಲಿಸಿ ಸಮರ್ಥಿಸಿಕೊಳ್ಳಬೇಕಾಗಿದೆ. ಕೊಳ್ಳುವವರು ಅಂಗಡಿಯವರ ಅನುಮತಿ ಪಡೆದು ಗೊಂಬೆಯ ಅಂಗಿಯನ್ನು ತುಸು ಎತ್ತಿ ನೋಡಬೇಕು: ಹಳೆಯ ಪದ್ಧತಿಯಲ್ಲಿ ಮಾಡಿದ್ದಾದರೆ ಒಳಗೆ ತಂತಿಯೂ ನಾರೂ ಕಾಣುತ್ತವೆ.